ಚಾಲಕ ಸೇರಿ ಆರು ಜನ

ಆ ತಂಡದಲ್ಲಿ ಎಲ್ಲರೂ ಹೆಂಗಸರೇ. ಗೋಡೆಗೆ ಪುಟ್ಟಿ ಹಚ್ಚುವುದು, ಉಜ್ಜುವುದು, ಬಣ್ಣ ಬಳಿಯುವುದು, ಕೊನೆಗೆ ನೆಲಕ್ಕೆ ಬಿದ್ದ ಹನಿಗಳನ್ನು ಕೆರೆದು ತೆಗೆಯುವುದು ಎಲ್ಲ ಅವರದ್ದೇ. ಮೇಸ್ತ್ರಿ ಸೇರಿ ಐದು ಜನ. ಮೇಸ್ತ್ರಿಗೆ ಆಗಿನ್ನೂ ನಲವತ್ತು ತುಂಬಿರಲಿಲ್ಲ. ಹದಿನಾರು ವರ್ಷ ಬೇರೆಯವರ ಕೈಕೆಳಗೆ ಬ್ರಷ್ ಹಿಡಿದು, ಆಮೇಲೆ ಸ್ವಂತ ತಂಡ ಕಟ್ಟಿಕೊಂಡವಳು. ತಂಡದ ಹಿರಿಯಳನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದರು. ಪುಟ್ಟಿ ಕಲಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಮೊಣಕಾಲು ಮಾತ್ರ ಅವಳ ಮಾತು ಕೇಳುತ್ತಿರಲಿಲ್ಲ. ಇನ್ನೊಬ್ಬಳು ಎಷ್ಟು ಎತ್ತರವೆಂದರೆ ಅವಳ ಅಡ್ಡಹೆಸರೇ ಏಣಿ. ಉಳಿದಿಬ್ಬರು ಓರಗಿತ್ತಿಯರು. ಮನೆಯಲ್ಲಿ ಮುಖ ಕೊಟ್ಟು ಮಾತಾಡದವರು, ಕೆಲಸಕ್ಕೆ ಬಂದರೆ ಒಂದೇ ಗೋಡೆಯನ್ನು ಜೋಡಿಯಾಗಿ ಹಿಡಿಯುತ್ತಿದ್ದರು.

ಸಾಮಾನು ಸಾಗಿಸಲು ಮೇಸ್ತ್ರಿ ಒಂದು ಹಳೆಯ ವ್ಯಾನು ಕೊಂಡಿದ್ದಳು. ಮುಂದೆ ಇಬ್ಬರು ಕೂರಬಹುದು. ಹಿಂದೆಲ್ಲ ಖಾಲಿ ತಗಡಿನ ನೆಲ; ಅಲ್ಲಿ ಡಬ್ಬಿ, ಏಣಿ, ಹಲಗೆ, ಹಳೆ ಬಟ್ಟೆಯ ಮೂಟೆ. ಮೇಸ್ತ್ರಿಯ ಪಕ್ಕ ಸರದಿಯಂತೆ ಒಬ್ಬಳು; ಉಳಿದ ಮೂರು ಜನ ಬಣ್ಣದ ಡಬ್ಬಿಗಳನ್ನು ಬೋರಲು ಹಾಕಿಕೊಂಡು ಆ ಸಾಮಾನಿನ ನಡುವೆಯೇ ಕೂರುತ್ತಿದ್ದರು. ಒಂದು ಬೆಳಿಗ್ಗೆ ಮುಂದಿನ ಗಾಡಿ ತಟ್ಟನೆ ನಿಂತಿತು. ಮೇಸ್ತ್ರಿ ಬ್ರೇಕ್ ಒತ್ತಿದಳು. ಹಿಂದೆ ಡಬ್ಬಿಗಳು ಅಲುಗಲಿಲ್ಲ, ಹಗ್ಗ ಹಾಕಿ ಬಿಗಿದಿದ್ದಳು. ದೊಡ್ಡಮ್ಮ ಮಾತ್ರ ಜಾರಿ ಬಂದು ಮುಂದಿನ ಸೀಟಿನ ಹಿಂದಿದ್ದ ಕಬ್ಬಿಣದ ಜಾಲರಿಗೆ ಮೊಣಕೈ ಬಡಿಸಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಕೈ ಊದಿ ಕುಂಬಳಕಾಯಿಯಾಯಿತು.

"ಏನೂ ಆಗಿಲ್ಲ ಬಿಡು," ಅಂದಳು ದೊಡ್ಡಮ್ಮ, ಇನ್ನೊಂದು ಕೈಯಲ್ಲೇ ಪುಟ್ಟಿ ಕಲಸುತ್ತಾ.

ಮೇಸ್ತ್ರಿಗೆ ಅದನ್ನು ಬಿಡಲು ಆಗಲಿಲ್ಲ. ಡಬ್ಬಿಗೆ ಹಗ್ಗ ಕಟ್ಟಿದ್ದೆ, ಮನುಷ್ಯರಿಗೆ ಏನೂ ಕಟ್ಟಿರಲಿಲ್ಲ ಎಂಬುದು ಅವಳ ತಲೆಯೊಳಗೆ ಕೂತುಬಿಟ್ಟಿತು. ಅವತ್ತು ಸಂಜೆ ಮನೆಗೆ ಬಂದವಳೇ ಅಪ್ಪನ ಮುಂದೆ ಕೂತಳು.

"ಅಪ್ಪ, ವ್ಯಾನಿಗೆ ಸೀಟು ಹಾಕಿಕೊಡ್ತೀಯಾ?"

ಅಪ್ಪ ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಸೀಟು ಮಾಡಿದವರು. ಹರಿದ ಗಾದಿ, ಮುರಿದ ಬೆನ್ನು, ಜೋತುಬಿದ್ದ ಸ್ಪ್ರಿಂಗ್ ಎಲ್ಲ ಅವರ ಕೈಗೇ ಬರುತ್ತಿದ್ದವು. ಅಲ್ಲಿ ಅವರಿಗೆ ಗಾದಿಯಣ್ಣ ಎಂದೇ ಹೆಸರು. ನಿವೃತ್ತಿಯಾಗಿ ಒಂಬತ್ತು ವರ್ಷವಾಗಿತ್ತು. ಬಾಗಿದ ಸೂಜಿ, ಮೇಣ ತಿಕ್ಕಿದ ದಾರ, ಸೀಮೆಸುಣ್ಣ, ಕತ್ತರಿ ಇದ್ದ ತಗಡಿನ ಪೆಟ್ಟಿಗೆ ಮಂಚದ ಕೆಳಗೆ ಸೇರಿತ್ತು. ಮಗಳ ಮಾತು ಮುಗಿಯುವ ಮೊದಲೇ ಅವರು ಬಗ್ಗಿ ಅದನ್ನು ಎಳೆದರು.

"ಎಷ್ಟು ಜನಕ್ಕೆ?"

"ಹಿಂದೆ ಮೂರು."

"ಸೀಟು ಜೋಡಿಯಾಗೇ ಬರೋದು. ನಾಲ್ಕು ಹಾಕ್ತೀನಿ."

ಗುಜರಿಯಿಂದ ಬಸ್ಸಿನ ಎರಡು ಜೋಡಿ ಸೀಟಿನ ಚೌಕಟ್ಟು ತಂದರು. ತುಕ್ಕು ಕೆರೆದು ಬಣ್ಣ ಹೊಡೆಯುವ ಕೆಲಸ ತಂಡದವರು ಹಟ ಹಿಡಿದು ಮಾಡಿದರು. ಮನೆಯ ನಡುಕೋಣೆ ಮೂರು ವಾರ ಸ್ಪಂಜು, ನಾರು, ರೆಕ್ಸಿನ್ ತುಂಡುಗಳಿಂದ ತುಂಬಿಹೋಯಿತು. ಸಾರಿನಲ್ಲೂ ಸ್ಪಂಜಿನ ಚೂರು ಸಿಕ್ಕಿತೆಂದು ಅಮ್ಮ ಮುಖ ಊದಿಸಿಕೊಂಡರು. ಅಪ್ಪ ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಡುನೀಲಿ ರೆಕ್ಸಿನ್, ಅಂಚಿಗೆ ಎರಡು ಸಾಲು ಹೊಲಿಗೆ. ದೊಡ್ಡಮ್ಮ ಕೂರುವ ಕಡೆ ಗಾದಿ ಎರಡು ಬೆರಳು ಎತ್ತರ, ಏಳುವಾಗ ಮೊಣಕಾಲಿಗೆ ಸುಲಭವಾಗಲಿ ಎಂದು. ಏಣಿಯ ತಲೆ ಚಾವಣಿಗೆ ತಾಗದಂತೆ ಅವಳ ಕಡೆ ಅಷ್ಟೇ ತಗ್ಗು. ಪ್ರತಿ ಸೀಟಿಗೂ ಬೆಲ್ಟು. ಪಕ್ಕದ ಬೀದಿಯ ವೆಲ್ಡಿಂಗ್‌ನವನು ಬಂದು ನೆಲಕ್ಕೆ ತೂತು ಕೊರೆದು ಬೋಲ್ಟು ಬಿಗಿದುಕೊಟ್ಟ.

ಓರಗಿತ್ತಿಯರಿಗೆ ಒಂದೇ ಜೋಡಿ ಸೀಟು ಸಿಕ್ಕಿತು. ಇಬ್ಬರೂ ಕೂತು, ಬೆಲ್ಟು ಹಾಕಿಕೊಂಡು, ಒಬ್ಬರನ್ನೊಬ್ಬರು ನೋಡದೆ ಎದುರಿನ ಗಾಜು ನೋಡಿದರು. "ಈಗ ಎದ್ದು ಹೋಗೋಕೂ ಆಗಲ್ಲ," ಅಂದಳು ಏಣಿ. ಮೊದಲು ನಕ್ಕಿದ್ದು ಆ ಇಬ್ಬರೇ.

ವ್ಯಾನಿನ ವಿಮೆ ನವೀಕರಿಸಲು ಇನ್ನು ಒಂದೂವರೆ ತಿಂಗಳಿತ್ತು. ವಿಮೆ ಏಜೆಂಟ್ ಅದೇ ಬೀದಿಯವನು. ಮನೆಮಂದಿಗೆಲ್ಲ ಪರಿಚಯ, ಮೆತ್ತನೆಯ ಮಾತಿನವನು. ಅವನು ಬಂದಾಗ ಮೇಸ್ತ್ರಿ ಹೆಮ್ಮೆಯಿಂದ ವ್ಯಾನಿನ ಬಾಗಿಲು ಸರಿಸಿ ತೋರಿಸಿದಳು. ಅವನು ಸೀಟನ್ನು ಒತ್ತಿ ನೋಡಿದ, ಮೆಚ್ಚಿದ, ಆಮೇಲೆ ದನಿ ತಗ್ಗಿಸಿದ.

"ಅಕ್ಕ, ಕಾಗದದಲ್ಲಿ ಇದು ಸಾಮಾನು ಗಾಡಿ. ಕೂರೋದು ಮುಂದೆ ಇಬ್ರು, ಅಷ್ಟೇ. ನೀವೇನೂ ಹೇಳ್ಬೇಡಿ, ನಾನೇನೂ ನೋಡಿಲ್ಲ. ಫೋಟೋ ತೆಗೆಯೋ ದಿನ ಬೋಲ್ಟು ಬಿಚ್ಚಿ ಸೀಟನ್ನ ಮನೇಲಿಡಿ. ಸಾಯಂಕಾಲ ಮತ್ತೆ ಹಾಕ್ಕೊಳ್ಳಿ. ಎಲ್ರೂ ಹೀಗೇ ಮಾಡೋದು."

"ದಾರೀಲಿ ಏನಾದ್ರೂ ಆದ್ರೆ?"

"ಮುಂದೆ ಕೂತೋರಿಗೆ ವಿಮೆ ಇರುತ್ತಲ್ಲ."

"ಹಿಂದೆ ಕೂತೋರಿಗೆ?"

ಏಜೆಂಟ್ ಜೇಬಿನ ಪೆನ್ನು ಸರಿಮಾಡಿಕೊಂಡ. "ಹಿಂದೆ ಯಾರೂ ಕೂತಿಲ್ಲ ಅಂತ ಲೆಕ್ಕ."

ವ್ಯಾನಿನ ಹತ್ತಿರ ನಿಂತಿದ್ದ ಅಪ್ಪ ಮುಂದೆ ಬಂದರು. "ನಾನೇನು ಕದ್ದ ಮಾಲು ಮಾಡಿದೀನೇನಪ್ಪ, ಬಚ್ಚಿಡೋಕೆ?" ಅಂದರು.

ಏಜೆಂಟ್ ಕೆಟ್ಟವನಲ್ಲ. ತನಗೆ ಗೊತ್ತಿದ್ದ ಸುಲಭದ ದಾರಿ ಹೇಳಿದ್ದ, ಅಷ್ಟೇ. ಆದರೆ ಮೇಸ್ತ್ರಿಯ ಮುಖ ನೋಡಿ ಅವನು ಮುಂದೆ ಒತ್ತಾಯಿಸಲಿಲ್ಲ. ಮಾರನೆಯ ದಿನ ಅವಳು ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ತಾನೇ ವಿಮಾ ಕಂಪನಿಯ ಕಚೇರಿಗೆ ಹೋದಳು.

ಕೌಂಟರಿನ ಹಿಂದಿದ್ದ ಕನ್ನಡಕದ ಹೆಂಗಸು ಒಂದು ಅರ್ಜಿ ಕೊಟ್ಟಳು. ಅದರ ಎರಡನೇ ಪುಟದಲ್ಲಿ ಒಂದು ಪ್ರಶ್ನೆ: ವಾಹನದಲ್ಲಿ ಏನಾದರೂ ಬದಲಾವಣೆ ಮಾಡಲಾಗಿದೆಯೇ? ಮೇಸ್ತ್ರಿ 'ಹೌದು' ಎಂದು ಬರೆದು, ಕೆಳಗೆ ದುಂಡಗಿನ ಅಕ್ಷರದಲ್ಲಿ 'ನಾಲ್ಕು ಸೀಟು, ನಾಲ್ಕು ಬೆಲ್ಟು' ಎಂದು ಸೇರಿಸಿದಳು. ಕನ್ನಡಕದವಳು ಅದನ್ನು ಎರಡು ಸಲ ಓದಿದಳು.

"ಬಾಡಿಗೆಗೆ ಜನರನ್ನ ಕೂರಿಸ್ಕೊಳ್ತೀರಾ?"

"ಇಲ್ಲ ಮೇಡಂ. ನನ್ನ ಜೊತೆ ಕೆಲಸ ಮಾಡೋರು."

"ಹಾಗಿದ್ರೆ ಮಾಡಬಹುದು. ಆದ್ರೆ ಮೊದಲು ವಾಹನ ನೋಂದಣಿ ಕಚೇರಿಯವರು ತಪಾಸಣೆ ಮಾಡಿ, ಸೀಟು ಎಷ್ಟು ಅಂತ ಪುಸ್ತಕದಲ್ಲಿ ತಿದ್ದಿ ಕೊಡ್ಬೇಕು. ಅಲ್ಲೀವರೆಗೂ ಹಿಂದೆ ಯಾರನ್ನೂ ಕೂರಿಸ್ಬೇಡಿ." ಅರ್ಜಿಯನ್ನು ಕಡತಕ್ಕೆ ಸೇರಿಸುತ್ತಾ ಹೇಳಿದಳು: "ಈ ಪ್ರಶ್ನೆಗೆ 'ಹೌದು' ಅಂತ ಬರೆದೋರು ಕಮ್ಮಿ ಕಣ್ರೀ."

ಅವತ್ತಿನಿಂದ ವ್ಯಾನಿನ ಹಿಂದಿನ ಸೀಟುಗಳು ಖಾಲಿ ಓಡಾಡಿದವು. ಮುಂದೆ ಮೇಸ್ತ್ರಿಯ ಪಕ್ಕ ದೊಡ್ಡಮ್ಮ. ಉಳಿದ ಮೂವರು ಎರಡು ಬಸ್ಸು ಬದಲಿಸಿ, ನಿಂತುಕೊಂಡೇ ಬರುತ್ತಿದ್ದರು. "ನಾವು ಉಜ್ಜಿ ಬಣ್ಣ ಹೊಡೆದ ಸೀಟು ಹಾಯಾಗಿ ವ್ಯಾನಲ್ಲಿ ಬರುತ್ತೆ, ನಾವು ಕಂಬಿ ಹಿಡ್ಕೊಂಡು ಬರ್ತೀವಿ," ಎಂದು ಏಣಿ ದಿನಾ ಅನ್ನುತ್ತಿದ್ದಳು. ಆದರೂ ಬಸ್ಸಿಗೆ ಹೋಗುತ್ತಿದ್ದಳು.

ತಪಾಸಣೆಗೆ ನಿಗದಿಯಾದ ದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಗಳ ಜೊತೆ ಹೊರಟರು. ನೋಂದಣಿ ಕಚೇರಿಯ ಹಿಂದಿನ ಅಂಗಳದಲ್ಲಿ ಗಾಡಿಗಳ ಸಾಲು. ತಪಾಸಣೆಯ ಅಧಿಕಾರಿಗೆ ಐವತ್ತರ ಆಸುಪಾಸು. ಕೈಯಲ್ಲೊಂದು ಟಾರ್ಚು, ಜೇಬಲ್ಲೊಂದು ಪುಟ್ಟ ಸುತ್ತಿಗೆ. ಅವರು ಮೊದಲು ಸೀಟಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು.

"ಯಾರು ಹೊಲಿದಿದ್ದು?"

"ನಾನೇ ಸಾರ್. ಡಿಪೋದಲ್ಲಿ ಮೂವತ್ತೊಂದು ವರ್ಷ."

"ಈ ಹೊಲಿಗೆ ಈಗ ನೋಡೋಕೂ ಸಿಗಲ್ಲ," ಅಂದರು ಅಧಿಕಾರಿ. ಅಪ್ಪನ ಬೆನ್ನು ನೆಟ್ಟಗಾಯಿತು. ಮೇಸ್ತ್ರಿ ಆಚೆ ತಿರುಗಿ ನಗು ಅಡಗಿಸಿಕೊಂಡಳು.

ಆಮೇಲೆ ಅಧಿಕಾರಿ ಒಂದು ಗೋಣಿಚೀಲ ಹಾಸಿಕೊಂಡು ವ್ಯಾನಿನ ಕೆಳಗೆ ಸರಿದರು. ಸುತ್ತಿಗೆಯ ಸಣ್ಣ ಟಕಟಕ ಕೇಳಿಸಿತು. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು.

"ಹಿರಿಯರೇ, ನೀವೇ ಒಂದ್ಸಲ ಬಂದು ನೋಡಿ."

ಅಪ್ಪ ಇಸ್ತ್ರಿ ಅಂಗಿಯಲ್ಲೇ ಮಲಗಿ ಒಳಗೆ ಸರಿದರು. ಟಾರ್ಚಿನ ಬೆಳಕಿನಲ್ಲಿ ಬೋಲ್ಟುಗಳ ತುದಿ ಕಾಣುತ್ತಿತ್ತು. ಒಂದೊಂದಕ್ಕೂ ಒಂದು ವಾಷರ್, ಒಂದು ನಟ್ಟು.

"ಬಸ್ಸಿನ ನೆಲದ ಕೆಳಗೆ ಉದ್ದಕ್ಕೂ ಅಡ್ಡ ತೊಲೆ ಇರುತ್ತೆ, ಬೋಲ್ಟು ಅದನ್ನ ಹಿಡ್ಕೊಳುತ್ತೆ," ಅಂದರು ಅಧಿಕಾರಿ. "ಇಲ್ಲಿರೋದು ಬರೀ ತಗಡು. ಜೋರಾಗಿ ಡಿಕ್ಕಿಯಾದ್ರೆ ಬೋಲ್ಟು ತಗಡನ್ನ ಹರ್ಕೊಂಡು ಬರುತ್ತೆ. ಸೀಟು, ಬೆಲ್ಟು, ಕೂತಿರೋರು, ಎಲ್ಲ ಸೇರಿ ಮುಂದಕ್ಕೆ ಹೋಗ್ತಾರೆ. ಸೀಟು ಚೆನ್ನಾಗಿದೆ. ನಿಂತಿರೋ ನೆಲ ಸರಿಯಿಲ್ಲ. ನಾನು ಸಹಿ ಹಾಕೋಕಾಗಲ್ಲ."

ಅಪ್ಪ ಹೊರಗೆ ಬಂದು ಬೆನ್ನಿನ ಧೂಳನ್ನೂ ಒರೆಸಿಕೊಳ್ಳಲಿಲ್ಲ. ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಮನೆ ಹತ್ತಿರ ಬಂದಾಗ ಮಗಳ ಕಡೆ ತಿರುಗದೆಯೇ ಹೇಳಿದರು.

"ವೆಲ್ಡಿಂಗ್‌ನವನು ಕೇಳಿದ್ದ, ಕೆಳಗೆ ಪಟ್ಟಿ ಕೊಡೋಣ್ವಾ ಅಂತ. ಬೇಡ, ವಾಷರ್ ಸಾಕು ಅಂದೋನು ನಾನೇ. ಬಸ್ಸಿಗೆ ಇಷ್ಟೇ ಕೊಟ್ಟಿದ್ವಿ, ನೀನೇನು ನನಗೆ ಹೇಳಿಕೊಡ್ತೀಯಾ ಅಂದೆ." ಅವರ ದನಿ ಸಣ್ಣದಾಯಿತು. "ಮೂರು ಜನರನ್ನ ಅದರ ಮೇಲೆ ಕೂರಿಸಿ ಕಳಿಸಿದ್ನಲ್ಲ."

ಮಗಳ ನಾಲಿಗೆಯ ತುದಿಗೆ ಸಮಾಧಾನದ ಮಾತು ಬಂತು. ಹೋಗಲಿ ಬಿಡಪ್ಪ, ನಿನಗೂ ವಯಸ್ಸಾಯಿತು ಎನ್ನಬಹುದಿತ್ತು. ಆ ಮಾತು ಅವರನ್ನು ಮತ್ತೆ ಮಂಚದ ಮೇಲೆ ಕೂರಿಸಿಬಿಡುತ್ತದೆ ಎಂದು ಅವಳಿಗೆ ಗೊತ್ತಿತ್ತು. ತನ್ನ ತಂಡದಲ್ಲಿ ಯಾರ ಗೋಡೆಯಾದರೂ ಬಿರುಕುಬಿಟ್ಟರೆ ಅವಳು ಏನು ಕೇಳುತ್ತಿದ್ದಳೋ ಅದನ್ನೇ ಕೇಳಿದಳು.

"ಹೇಗೆ ಸರಿ ಮಾಡ್ತೀಯಾ?"

ಅಪ್ಪ ತಿರುಗಿ ಮಗಳ ಮುಖ ನೋಡಿದರು. ಸಂಜೆ ಊಟಕ್ಕೆ ಕರೆದಾಗ ಅವರು ನಡುಕೋಣೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ವ್ಯಾನಿನ ತಳ ಬರೆದು, ಅಳತೆಪಟ್ಟಿ ಹಿಡಿದು ಕೂತಿದ್ದರು. ಅಮ್ಮ ತಟ್ಟೆಯನ್ನು ಗೆರೆ ಅಳಿಸದಂತೆ ಪಕ್ಕದಲ್ಲಿಟ್ಟು ಹೋದರು.

ಬೆಳಿಗ್ಗೆ ಅವರು ಮೊದಲು ಹೋದದ್ದು ವೆಲ್ಡಿಂಗ್ ಅಂಗಡಿಗೆ. ಅಲ್ಲಿ ಗಿರಾಕಿಗಳಿದ್ದರು. ಅವರೆಲ್ಲರ ಎದುರಿಗೇ ಹೇಳಿದರು: "ಅವತ್ತು ನೀನು ಹೇಳಿದ್ದೇ ಸರಿ ಕಣಪ್ಪ. ನಾನು ತಪ್ಪಿದೆ. ಈಗ ಪಟ್ಟಿ ಹಾಕೋಣ."

ವೆಲ್ಡಿಂಗ್‌ನವನು ಗಾಬರಿಯಾಗಿ ಎದ್ದು ನಿಂತು ಸ್ಟೂಲು ಕೊಟ್ಟ.

ಕೆಲಸ ಹತ್ತು ದಿನ ಹಿಡಿಯಿತು. ಸೀಟು ಬಿಚ್ಚಿ ಮನೆಗೆ ತಂದಿಟ್ಟರು. ಅಮ್ಮ ಒಂದು ಜೋಡಿಯನ್ನು ಟಿವಿ ಎದುರಿಗೆ ಎಳೆದುಕೊಂಡು, ಅದರ ಮೇಲೆ ಕೂತೇ ತರಕಾರಿ ಹೆಚ್ಚಿದರು. "ಇದೊಂದನ್ನ ಇಲ್ಲೇ ಬಿಟ್ಬಿಡಿ. ನಲವತ್ತು ವರ್ಷ ಸಂಸಾರ ಮಾಡಿದೀನಿ, ಊರೋರಿಗೆಲ್ಲ ಸೀಟು, ನನಗೆ ಮಾತ್ರ ಮಣೆ," ಅಂದರು. ಅತ್ತ ವ್ಯಾನಿನ ಕೆಳಗೆ, ಎರಡು ಪಕ್ಕದ ಗಟ್ಟಿ ಚೌಕಟ್ಟಿಗೆ ತಾಗುವಂತೆ ನಾಲ್ಕು ಕಬ್ಬಿಣದ ಅಡ್ಡತೊಲೆ ಹಾಕಿದರು. ತಗಡಿನ ಮೇಲೊಂದು ದಪ್ಪ ಪಟ್ಟಿ, ಕೆಳಗೊಂದು ಪಟ್ಟಿ, ನಡುವೆ ನೆಲ, ಅವುಗಳನ್ನೆಲ್ಲ ಹಾದು ತೊಲೆಗೆ ಬಿಗಿದ ಬೋಲ್ಟು. ಪೆಟ್ರೋಲ್ ಕೊಳವೆ ಹಾದುಹೋಗುವ ಕಡೆ ಅಪ್ಪ ಬೆಸುಗೆ ಬೇಡವೆಂದು ಬೋಲ್ಟನ್ನೇ ಹಾಕಿಸಿದರು. ಯಾವ ಅಳತೆಯನ್ನೂ ವೆಲ್ಡಿಂಗ್‌ನವನನ್ನು ಕೇಳದೆ ಗುರುತು ಮಾಡಲಿಲ್ಲ.

ಕೊನೆಯ ದಿನ ಅವರಿಗೆ ಇನ್ನೂ ತೃಪ್ತಿಯಾಗಿರಲಿಲ್ಲ. "ಎಳೆದು ನೋಡ್ಬೇಕು," ಅಂದರು.

ಅಂಗಳದ ಕಬ್ಬಿಣದ ಕಂಬಕ್ಕೆ ಚೈನು ರಾಟೆ ಕಟ್ಟಿದರು. ಅದರ ಕೊಕ್ಕೆಯನ್ನು ಹಿಂಬಾಗಿಲಿನಿಂದ ತೂರಿಸಿ ಸೀಟಿನ ಬೆನ್ನಿಗೆ ಸಿಕ್ಕಿಸಿದರು. ತಂಡದವರೆಲ್ಲ ಕೆಲಸ ಮುಗಿಸಿ ನೋಡಲು ಬಂದಿದ್ದರು. ಹ್ಯಾಂಡ್‌ಬ್ರೇಕ್ ಹಾಕಿ, ವೆಲ್ಡಿಂಗ್‌ನವನು ಚೈನು ಎಳೆಯತೊಡಗಿದ. ಕರಕರ ಸದ್ದು. ಚೈನು ತಂತಿಯಂತೆ ಬಿಗಿಯಿತು. ಅಪ್ಪ ನೆಲಕ್ಕೆ ಕಿವಿ ಕೊಟ್ಟವರಂತೆ ಬಗ್ಗಿ ಬೋಲ್ಟುಗಳನ್ನೇ ನೋಡುತ್ತಿದ್ದರು.

"ಸಾಕಾ?" ಕೇಳಿದ ಅವನು.

"ಇನ್ನೂ ಎಳಿ."

ಎಳೆದ. ಹಿಂದಿನ ಚಕ್ರಗಳು ಜಲ್ಲಿಯ ಮೇಲೆ ಕಿರುಗುಟ್ಟಿ, ಇಡೀ ವ್ಯಾನು ಗೇಣುದ್ದ ಹಿಂದಕ್ಕೆ ಜರುಗಿತು. ಸೀಟು ಕೂತಲ್ಲೇ ಕೂತಿತ್ತು. ಅಪ್ಪ ಬೋಲ್ಟಿನ ಸುತ್ತ ಬರೆದಿದ್ದ ಸೀಮೆಸುಣ್ಣದ ಗೆರೆಯನ್ನು ಬೆರಳಿಂದ ತಡವಿ ನೋಡಿದರು. ಕೂದಲೆಳೆಯಷ್ಟೂ ಸರಿದಿರಲಿಲ್ಲ. ಅವರು ಎದ್ದು ನಿಂತು ಮುಖ ಒರೆಸಿಕೊಂಡರು.

"ಈಗ ಕೂತ್ಕೊಳಿ," ಅಂದರು ಹೆಂಗಸರಿಗೆ.

"ಕಾಗದ ಬರಲಿ ಅಜ್ಜ," ಅಂದಳು ಏಣಿ. "ನಾನಿನ್ನೂ ಬಸ್ಸಿನೋಳು."

ಎರಡನೇ ಸಲ ಅಂಗಳಕ್ಕೆ ಹೋದಾಗ ಅದೇ ಅಧಿಕಾರಿ ಇದ್ದರು. ಅಪ್ಪ ಈ ಸಲ ವ್ಯಾನಿನ ಹತ್ತಿರ ನಿಲ್ಲಲಿಲ್ಲ. ದೂರದ ಗೋಡೆಯ ಪಕ್ಕ ಕೈ ಹಿಂದೆ ಕಟ್ಟಿಕೊಂಡು ನಿಂತರು. ಅಧಿಕಾರಿ ಕೆಳಗೆ ಹೋದವರು ತುಂಬ ಹೊತ್ತು ಬರಲಿಲ್ಲ. ಟಕಟಕ ಸದ್ದು ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಯಿತು, ಮತ್ತೆ ವಾಪಸು ಬಂತು. ಮೇಸ್ತ್ರಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದಳು.

ಅಧಿಕಾರಿ ಹೊರಗೆ ಬಂದರು. ಸಹಿ ಹಾಕುವ ಬದಲು ಆಚೆ ಲಾರಿ ನೋಡುತ್ತಿದ್ದ ತಮ್ಮ ಸಹೋದ್ಯೋಗಿಯನ್ನು ಕರೆದರು.

"ಬನ್ರೀ, ಇದರ ಕೆಳಗೆ ನೋಡಿ. ಸೀಟು ಹಾಕೋದು ಅಂದ್ರೆ ಹೀಗೆ."

ಆ ಇನ್ನೊಬ್ಬರೂ ಕೆಳಗೆ ಹೋಗಿ ನೋಡಿ ಬಂದರು. ಮೇಸ್ತ್ರಿ ತಿರುಗಿ ಅಪ್ಪನನ್ನು ಹುಡುಕಿದಳು. ಅವರು ಗೋಡೆಯ ಕಡೆ ಮುಖ ಮಾಡಿ, ಅಲ್ಲಿ ಅಂಟಿಸಿದ್ದ ಯಾವುದೋ ಹಳೆಯ ಸುತ್ತೋಲೆಯನ್ನು ಬಹಳ ಗಮನವಿಟ್ಟು ಓದುತ್ತಿದ್ದರು. ಕನ್ನಡಕ ಜೇಬಿನಲ್ಲೇ ಇತ್ತು.

ನೋಂದಣಿ ಪುಸ್ತಕದಲ್ಲಿ 'ಆಸನ: ಚಾಲಕ ಸೇರಿ ಆರು' ಎಂದು ತಿದ್ದಿ ಮುದ್ರೆ ಒತ್ತಿದರು. ಅದರ ಮೇಲೆ ವಿಮಾ ಕಂಪನಿಯ ಪಾಲಿಸಿ ಬರಲು ಇನ್ನೊಂದು ವಾರವಾಯಿತು. ಹಿಂದಿಗಿಂತ ಹೆಚ್ಚು ಕಟ್ಟಬೇಕಾಯಿತು. ಮೇಸ್ತ್ರಿ ಅದಕ್ಕೆ ಗೊಣಗಲಿಲ್ಲ. ಪಾಲಿಸಿಯನ್ನು ತಂದುಕೊಟ್ಟವನು ಅದೇ ಏಜೆಂಟ್. ಕೊಟ್ಟ ಮೇಲೂ ಹೋಗದೆ ಬಾಗಿಲಲ್ಲಿ ನಿಂತಿದ್ದ.

"ಏನಪ್ಪ?" ಕೇಳಿದರು ಅಪ್ಪ.

"ನನ್ನ ಗಿರಾಕಿಗಳಲ್ಲಿ ಮೂರು ಜನ ಹೀಗೇ ಸೀಟು ಹಾಕಿಸಿದಾರೆ. ನಾನೇ ಸುಮ್ನಿರಿ ಅಂದಿದ್ದೆ." ಅವನು ಚಪ್ಪಲಿಯನ್ನೇ ನೋಡುತ್ತಾ ಹೇಳಿದ. "ನಿಮ್ಮ ವಿಷಯ ಕೇಳಿದ ಮೇಲೆ ಸಮಾಧಾನ ಇಲ್ಲ. ಒಂದ್ಸಲ ಬಂದು ಕೆಳಗೆ ನೋಡಿ ಹೇಳ್ತೀರಾ?"

"ನಾನೊಬ್ನೇ ಬರಲ್ಲ. ವೆಲ್ಡಿಂಗ್‌ನವನನ್ನೂ ಕರ್ಕೊಂಡು ಬರ್ತೀನಿ. ಅವನಿಗೆ ನನಗಿಂತ ಚೆನ್ನಾಗಿ ಗೊತ್ತು," ಅಂದರು ಅಪ್ಪ.

ಸೋಮವಾರ ಬೆಳಿಗ್ಗೆ ತಂಡದವರೆಲ್ಲ ಮನೆಯ ಮುಂದೆ ಸೇರಿದರು. ದೊಡ್ಡಮ್ಮ ಪಾಲಿಸಿಯ ಕಾಗದವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು.

"ಇದರಲ್ಲಿ ನಮ್ಮ ಹೆಸರೆಲ್ಲಿದೆ?"

"ಹೆಸರಿಲ್ಲ ದೊಡ್ಡಮ್ಮ, ಸೀಟಿದೆ. ಸೀಟಲ್ಲಿ ಕೂತೋರೆಲ್ಲ ಬಂದ್ರು." ಮೇಸ್ತ್ರಿ ಆ ಸಾಲಿನ ಮೇಲೆ ಬೆರಳಿಟ್ಟು ಓದಿ ಹೇಳಿದಳು. ಓರಗಿತ್ತಿಯರಲ್ಲಿ ಕಿರಿಯವಳು ಇನ್ನೊಂದು ಸಲ ಓದು ಅಂದಳು. ಓದಿದಳು.

ಎಲ್ಲರೂ ಹತ್ತಿದ ಮೇಲೂ ಹಿಂದೆ ಒಂದು ಸೀಟು ಉಳಿಯಿತು. ಮೇಸ್ತ್ರಿ ಬಾಗಿಲು ಸರಿಸುವ ಮೊದಲು ಅಪ್ಪನ ಕಡೆ ನೋಡಿದಳು.

"ನನ್ನ ಕೆಲಸ ನೀನು ಒಂದಿನಾನೂ ನೋಡಿಲ್ಲ. ಬರ್ತೀಯಾ?"

ಅದು ನಿಜವೇ. ಮಗಳು ಬಣ್ಣದ ಕೆಲಸಕ್ಕೆ ಸೇರಿದ ಮೊದಲ ವರ್ಷ ಅವರಿಗೆ ಇಷ್ಟವಿರಲಿಲ್ಲ. ಆಮೇಲೆ ಇಷ್ಟವಿಲ್ಲದ್ದು ಮರೆತುಹೋಯಿತು, ಹೋಗಿ ನೋಡುವುದು ಮಾತ್ರ ಉಳಿದೇಹೋಯಿತು. ಅವರು ಚಪ್ಪಲಿ ಮೆಟ್ಟಿಕೊಂಡು ಬಂದು ಹಿಂದೆ ಹತ್ತಿ ಕೂತು, ಬೆಲ್ಟು ಹಾಕಿಕೊಂಡರು.

ಕೆಲಸ ನಡೆಯುತ್ತಿದ್ದುದು ಒಂದು ಆಸ್ಪತ್ರೆಯಲ್ಲಿ. ಐದು ಅಂತಸ್ತಿನ ಮೆಟ್ಟಿಲ ಸಾಲು; ಗೋಡೆಯ ಕೆಳಭಾಗ ಬೂದು, ಮೇಲ್ಭಾಗ ಬಿಳಿ. ಎರಡೂ ಸೇರುವ ಕಡೆ ಮೆಟ್ಟಿಲ ಜೊತೆಜೊತೆಗೇ ಓರೆಯಾಗಿ ಏರುವ ಒಂದು ಗೆರೆ. ಮೇಸ್ತ್ರಿ ಚಪ್ಪಟೆ ಬ್ರಷ್ಷನ್ನು ಬಣ್ಣದಲ್ಲಿ ಅದ್ದಿ, ಡಬ್ಬಿಯ ಅಂಚಿಗೆ ಒಮ್ಮೆ ಸವರಿ, ಗೋಡೆಗೆ ಇಟ್ಟಳು. ಟೇಪಿಲ್ಲ, ದಾರವಿಲ್ಲ. ಉಸಿರು ಹಿಡಿದು ಒಂದೊಂದೇ ಮೆಟ್ಟಿಲು ಹತ್ತುತ್ತಾ ಕೈ ಎತ್ತದೆ ಎಳೆದುಕೊಂಡು ಹೋದಳು. ಗೆರೆ ಅವಳ ಹಿಂದೆ ನೆಟ್ಟಗೆ ಬರುತ್ತಿತ್ತು. ಅಪ್ಪ ಒಂದು ಕಣ್ಣು ಮುಚ್ಚಿ, ಡಿಪೋದಲ್ಲಿ ಹೊಲಿಗೆಯ ಸಾಲು ನೋಡುತ್ತಿದ್ದಂತೆ ಕೆಳಗಿನಿಂದ ಮೇಲಿನವರೆಗೆ ನೋಡಿದರು. ಮತ್ತೆ ಇನ್ನೊಂದು ಕಣ್ಣು ಮುಚ್ಚಿ ನೋಡಿದರು. ಎಲ್ಲೂ ತಪ್ಪು ಸಿಗಲಿಲ್ಲ.

ಅವರು ಸುಮ್ಮನೆ ಕೂರಲಿಲ್ಲ. ಒಂದು ಅಂತಸ್ತು ಹತ್ತಿದರು, ನಿಂತರು, ಇನ್ನೊಂದು ಹತ್ತಿದರು. ದೊಡ್ಡಮ್ಮ ಕಲಸುತ್ತಿದ್ದ ಪುಟ್ಟಿ ಮುಟ್ಟಿ ನೋಡಿದರು. ಏಣಿ ಕುರ್ಚಿಯಿಲ್ಲದೆ ಗೋಡೆಯ ಮೇಲಿನ ಮೂಲೆಗೆ ಕೈ ಹಾಕುವುದನ್ನು ನೋಡಿ ತಲೆಯಾಡಿಸಿದರು. ಮೂರನೇ ಅಂತಸ್ತಿನಲ್ಲಿ ಆಸ್ಪತ್ರೆಯ ಕಾವಲುಗಾರ ಅವರನ್ನು ತಡೆದ.

"ಅಜ್ಜ, ಆ ಗೋಡೆ ಮುಟ್ಟಬೇಡಿ. ಬಣ್ಣ ಇನ್ನೂ ಹಸಿ ಇದೆ."

"ಗೊತ್ತಪ್ಪ," ಅಂದರು ಅವರು. "ಹೊಡೆದಿರೋದು ನನ್ನ ಮಗಳು."

ಕಾವಲುಗಾರ ಮೇಲೆ ನೋಡಿದ, ಆಮೇಲೆ ತನ್ನ ಕುರ್ಚಿಯನ್ನು ಗೋಡೆಯಿಂದ ಒಂದು ಮೊಳ ಈಚೆ ಎಳೆದು, ಅವರಿಗೆ ಕೂರಲು ಕೊಟ್ಟ. ಮಧ್ಯಾಹ್ನ ಊಟದ ಬಿಡುವಾಗುವವರೆಗೂ ಅಪ್ಪ ಅಲ್ಲೇ ಕೂತು, ಮೆಟ್ಟಿಲು ಹತ್ತಿ ಇಳಿಯುವ ಪ್ರತಿಯೊಬ್ಬರಿಗೂ ಗೋಡೆಗೆ ತಾಗದಂತೆ ಹೋಗಿ ಎಂದು ಹೇಳುತ್ತಿದ್ದರು.